ಬಾಗಿಲು ತೆರೆಯುವ ಹೊತ್ತು

(ಸಂಘದ ತಿಂಗಳ ಸಭೆಯಲ್ಲಿ ಸದಸ್ಯರೊಬ್ಬರು ಮಾಡಿದ ಭಾಷಣದ ಪಾಠ)



ರಾಜ್ಯೋತ್ಸವ ಹತ್ತಿರ ಬಂದಿರುವಾಗ ಈ ವೇದಿಕೆಯಿಂದ ಪಂಪನ ವಿಚಾರವನ್ನೋ ದಾಸರ ವಿಚಾರವನ್ನೋ ಕೇಳುವ ರೂಢಿ ತಮ್ಮದು. ನಾನೋ ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡುವವನು. ಕಾವ್ಯದ ಮಾತು ನನಗೆ ಒಗ್ಗದು. ಸಂಚಿಕೆಯ ಬರಹಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸವನ್ನು ಸಂಘವು ಕೆಲವು ವರ್ಷಗಳಿಂದ ನನಗೆ ಒಪ್ಪಿಸಿದೆ. ಆ ಕೆಲಸದಲ್ಲಿ ಈ ವರ್ಷ ನನ್ನಿಂದ ಒಂದು ತಪ್ಪಾಯಿತು. ಅದನ್ನು ತಮ್ಮ ಮುಂದೆ ಒಪ್ಪಿಕೊಂಡು, ಅದರಿಂದ ಕಲಿತ ನಾಲ್ಕು ಮಾತುಗಳನ್ನು ಅರಿಕೆ ಮಾಡಿಕೊಳ್ಳುವುದಷ್ಟೇ ಇಂದಿನ ಉದ್ದೇಶ.

ನಾನು ಬರೆಯಲು ಬಳಸುವುದು ಈಮ್ಯಾಕ್ಸ್ ಎಂಬ ಎಡಿಟರು. ಅಕ್ಷರಗಳನ್ನು ಅಂದ ಚಂದಗಳ ಗೋಜಿಲ್ಲದೆ ಬರೀ ಅಕ್ಷರಗಳಾಗಿಯೇ ಬರೆದಿಡುವ ಸಾಧನವಿದು. ಇದರ ಮೊದಲ ರೂಪ ಅಮೆರಿಕೆಯ ಎಂಐಟಿ ಪ್ರಯೋಗಾಲಯದಲ್ಲಿ 1976ರಲ್ಲಿ ಹುಟ್ಟಿತು. ಈಗ ನಾವು ಬಳಸುವ ಗ್ನೂ ಈಮ್ಯಾಕ್ಸನ್ನು ರಿಚರ್ಡ್ ಸ್ಟಾಲ್‌ಮನ್ ಎಂಬವರು 1985ರಲ್ಲಿ ಹೊರತಂದರು. ಕಾಸು ಕೊಡಬೇಕಾಗಿಲ್ಲ. ಕನ್ನಡದ ಕೀಲಿಮಣೆ ಅದರೊಳಗೇ ಇದೆ. ನಮ್ಮ ಹಳೆಯ ಸಂಚಿಕೆಗಳ ಬರಹಗಳು ಅಂದಂದಿನ ಫಾಂಟುಗಳಲ್ಲಿ ಸಿಲುಕಿ, ಇಂದಿನ ಕಂಪ್ಯೂಟರಿನಲ್ಲಿ ತೆರೆದರೆ ಮಂತ್ರವಾದಿಯ ಯಂತ್ರದಂತೆ ಕಾಣುತ್ತವೆ. 1991ರಲ್ಲಿ ಬಂದ ಯೂನಿಕೋಡಿನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಒಂದು ಖಾಯಂ ಸಂಖ್ಯೆ ದೊರೆತಿದೆ. ಹಾಗೆ ಬರೆದಿಟ್ಟುದನ್ನು ನಮ್ಮ ಮೊಮ್ಮಕ್ಕಳೂ ಓದಬಲ್ಲರೆಂಬ ಆಸೆಯಿಂದ ನಾನು ಈ ಸಾಧನವನ್ನು ಹಿಡಿದೆ.

ಈಮ್ಯಾಕ್ಸಿಗೆ ಒಂದು ಆರಂಭದ ಕಡತವಿದೆ. ಅದರ ಹೆಸರು ಇನಿಟ್ ಡಾಟ್ ಇಎಲ್. ಎಡಿಟರು ತೆರೆದುಕೊಳ್ಳುವಾಗ ಈ ಕಡತವನ್ನು ಮೇಲಿನಿಂದ ಕೆಳಗಿನವರೆಗೆ ಸಾಲುಸಾಲಾಗಿ ಓದಿ, ಹೇಳಿದಂತೆ ಅಣಿಯಾಗುತ್ತದೆ. ಬಣ್ಣ ಯಾವುದು, ಕನ್ನಡಕ್ಕೆ ಯಾವ ಫಾಂಟು, ಯಾವ ಕೀಲಿಮಣೆ, ಯಾವ ಹೆಚ್ಚುವರಿ ಉಪಕರಣಗಳು ಬೇಕು, ಎಲ್ಲವೂ ಅಲ್ಲಿಯೇ ಬರೆದಿರುತ್ತದೆ. ನಾನು ಏಳು ವರ್ಷಗಳಿಂದ ಕಂಡಕಂಡವರ ಕಡತಗಳಿಂದ ಸಾಲುಗಳನ್ನು ಎತ್ತಿ ನನ್ನದಕ್ಕೆ ಅಂಟಿಸುತ್ತ ಬಂದಿದ್ದೆ. ಮದುವೆಯ ಮನೆಯ ಉಗ್ರಾಣದಂತೆ ಅದು ತುಂಬಿತ್ತು. ಏನು ಎಲ್ಲಿದೆಯೆಂದು ಉಗ್ರಾಣಿಗೇ ತಿಳಿಯದು.

ಇನ್ನು ಆ ಸಂಜೆಯ ಮಾತು. ಜುಲೈ ತಿಂಗಳು, ಹೊರಗೆ ಜಡಿಮಳೆ. ಎಂಬತ್ತನ್ನು ದಾಟಿದ ನಮ್ಮ ಹಿರಿಯ ಸದಸ್ಯರೊಬ್ಬರು ಸಂಘದ ಕೊಠಡಿಗೆ ಬಂದಿದ್ದರು. ಹುಡುಗನಾಗಿ ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದು, ಹಗಲೆಲ್ಲ ಫೋರ್ಟಿನ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತವರು. ಅವರ ನೆನಪುಗಳನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕೆಂದು ನಾವು ಬಹಳ ದಿನದಿಂದ ಕಾಯುತ್ತಿದ್ದೆವು. ಅವರು ಕುಳಿತರು, ಚಹಾ ಕುಡಿದರು, ಮಾತು ಆರಂಭಿಸಿಯೇ ಬಿಟ್ಟರು. ನಾನು ಲ್ಯಾಪ್‌ಟಾಪ್ ತೆರೆದೆ.

ಎಡಿಟರು ಏಳಲಿಲ್ಲ. ಒಂದು ನಿಮಿಷವಾಯಿತು, ಮೇಲಾಯಿತು. ಕೊನೆಗೆ ಎದ್ದಿತು, ಆದರೆ ಯಾವ ಕೀಲಿ ಒತ್ತಿದರೂ ಇಂಗ್ಲಿಷ್ ಅಕ್ಷರ. ಮುಚ್ಚಿದೆ, ಮತ್ತೆ ತೆರೆದೆ, ಅದೇ ಕತೆ. ಅವರು ಹೇಳುತ್ತಲೇ ಇದ್ದರು. ತಮ್ಮ ಕೈ ಹಿಡಿದು 'ಅ' ತಿದ್ದಿಸಿದ ಮಾಸ್ತರರ ಹೆಸರು ಹೇಳಿದರು, ಆ ಮಾಸ್ತರರು ಎಲ್ಲಿ ವಾಸವಾಗಿದ್ದರೆಂದು ಹೇಳಿದರು. ನನ್ನ ಕಣ್ಣು, ಕಿವಿ, ಬುದ್ಧಿ ಎಲ್ಲವೂ ಪರದೆಯ ಮೇಲಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವರು ನಿಲ್ಲಿಸಿ, "ಅದಕ್ಕೆ ಹುಷಾರಿಲ್ಲವೋ ಏನೋ ಮಾರಾಯಾ, ಇರಲಿ, ಇನ್ನೊಮ್ಮೆ ಬರುತ್ತೇನೆ" ಎಂದರು. ಗಾಡಿಗಳು ನಿಂತುಹೋದಾವೆಂಬ ಭಯದಿಂದ ಮಗ ಬಂದು ಕರೆದುಕೊಂಡು ಹೋದರು. ನನ್ನ ಜೇಬಿನಲ್ಲಿ ಪೆನ್ನು ಇತ್ತು, ಮೇಜಿನ ಮೇಲೆ ಕಾಗದವಿತ್ತು. ಅವನ್ನು ತೆಗೆದುಕೊಳ್ಳಬೇಕೆಂಬುದೇ ನನಗೆ ತೋಚಲಿಲ್ಲವೆಂದು ನಾಚಿಕೆಯಿಂದ ಹೇಳುತ್ತೇನೆ.

ಆ ರಾತ್ರಿ ಮನೆಗೆ ಹೋಗಿ ಕಡತವನ್ನು ಲೆಕ್ಕ ತಪಾಸಣೆ ಮಾಡುವವನಂತೆ ಓದಿದೆ. ಎರಡು ತಪ್ಪುಗಳು ಸಿಕ್ಕವು. ತೆರೆದಾಗಲೆಲ್ಲ ಇಂಟರ್‌ನೆಟ್ಟಿಗೆ ಹೋಗಿ ಹೊಸ ಉಪಕರಣಗಳ ಪಟ್ಟಿಯನ್ನು ತರಬೇಕೆಂದು ಒಂದು ಸಾಲು ಹೇಳುತ್ತಿತ್ತು. ಮಳೆಗೆ ನೆಟ್ಟು ಕೈಕೊಟ್ಟಿದ್ದರಿಂದ ಅದು ಕಾಯುತ್ತ ಕುಳಿತಿತ್ತು. ಇನ್ನೊಂದು ಸಾಲು, ಹಿಂದಿನ ದಿನವಷ್ಟೇ ನಾನು ತೆಗೆದುಹಾಕಿದ್ದ ಉಪಕರಣವೊಂದನ್ನು ಬೇಕೇ ಬೇಕೆಂದು ಕೇಳುತ್ತಿತ್ತು. ಈಮ್ಯಾಕ್ಸಿನ ಸ್ವಭಾವವೇನೆಂದರೆ, ಆರಂಭದ ಕಡತದಲ್ಲಿ ಎಲ್ಲಿ ತಪ್ಪು ಎದುರಾಯಿತೋ ಅಲ್ಲಿಗೆ ಓದುವುದನ್ನು ನಿಲ್ಲಿಸುತ್ತದೆ. ಕೆಳಗಿನ ಸಾಲುಗಳು ಇದ್ದೂ ಇಲ್ಲದಂತೆ. ಕನ್ನಡದ ಫಾಂಟು, ಕನ್ನಡದ ಕೀಲಿಮಣೆ ಎರಡನ್ನೂ ನಾನು ಇಟ್ಟದ್ದೆಲ್ಲಿ? ಕಟ್ಟಕಡೆಯಲ್ಲಿ! ಕನ್ನಡದ ಕೆಲಸಕ್ಕೆಂದೇ ತಂದ ಸಾಧನದಲ್ಲಿ ಕನ್ನಡವನ್ನು ಹಿತ್ತಿಲಲ್ಲಿ ಕೂರಿಸಿದ್ದೆ.

ಮಹನೀಯರೇ, ಬ್ಯಾಂಕಿನಲ್ಲಿ ಬೆಳಗಿನ ಕೆಲಸ ಹೇಗೆ ನಡೆಯುತ್ತದೆಂದು ತಮಗೆ ಗೊತ್ತು. ಗಿರಾಕಿ ಬಾಗಿಲಲ್ಲಿ ನಿಂತಿರುವಾಗ ಮೊದಲು ಆಗಬೇಕಾದುದು ನಗದು ಹೊರಬರುವುದು, ಕೌಂಟರು ತೆರೆಯುವುದು. ಲಾಕರುಗಳನ್ನು ಬೆಳಿಗ್ಗೆಯೇ ಒಂದೊಂದಾಗಿ ತೆರೆದು ಸಾಲಾಗಿ ಇಡುವವರುಂಟೇ? ಗಿರಾಕಿ ಬಂದು ಕೇಳಿದಾಗ ಅವರ ಲಾಕರನ್ನಷ್ಟೇ ತೆರೆದರೆ ಸಾಕು. ನನ್ನ ಕಡತವಾದರೋ ದಿನಾಲೂ ಎಲ್ಲ ಲಾಕರುಗಳನ್ನೂ ತೆರೆದ ಮೇಲೆ ಕೌಂಟರಿಗೆ ಬರುತ್ತಿತ್ತು. ಈ ಹೋಲಿಕೆ ಹೊಳೆದ ಮೇಲೆ ಉಳಿದ ಕೆಲಸ ಸುಲಭವಾಯಿತು.

ಮೊದಲನೆಯದು, ಕ್ರಮ. ಕನ್ನಡದ ಫಾಂಟು ಮತ್ತು ಕೀಲಿಮಣೆಯ ಸಾಲುಗಳನ್ನು ಕಡತದ ನೆತ್ತಿಯ ಮೇಲಿಟ್ಟೆ. ಅವು ಎಡಿಟರಿನೊಳಗಿನ ಸಾಮಗ್ರಿಯನ್ನೇ ಬಳಸುವುದರಿಂದ ಹೊರಗಿನ ಯಾವ ಉಪಕರಣದ ಹಂಗೂ ಅವಕ್ಕಿಲ್ಲ. ಕೆಳಗೆ ಏನೇ ಮುರಿದರೂ ಕನ್ನಡ ಎದ್ದು ನಿಲ್ಲುತ್ತದೆ.

ಎರಡನೆಯದು, ಬೇಕಾದಾಗ ತರುವುದು. ಜಾನ್ ವೀಗ್ಲಿ ಎಂಬವರು ರಚಿಸಿದ ಯೂಸ್-ಪ್ಯಾಕೇಜ್ ಎಂಬ ವ್ಯವಸ್ಥೆ 2023ರಲ್ಲಿ ಬಂದ 29ನೆಯ ಆವೃತ್ತಿಯಿಂದ ಈಮ್ಯಾಕ್ಸಿನೊಳಗೇ ಇದೆ. ಅದರಲ್ಲಿ ಪ್ರತಿ ಉಪಕರಣಕ್ಕೂ ಒಂದೊಂದು ಕಟ್ಟು. ಅದಕ್ಕೆ ಸಂಬಂಧಿಸಿದ ಸಾಲುಗಳೆಲ್ಲ ಆ ಕಟ್ಟಿನಲ್ಲಿಯೇ ಇರುತ್ತವೆ. ಈ ಉಪಕರಣವನ್ನು ಈಗಲೇ ತರಬೇಡ, ಕರೆದಾಗ ತಾ ಎಂದು ಹೇಳಬಹುದು. ಇದ್ದರೆ ತಾ, ಇಲ್ಲವಾದರೆ ಮುಂದಿನ ಸಾಲಿಗೆ ಹೋಗು ಎಂದು ಹೇಳುವ ಉಪಾಯವೂ ಉಂಟು.

ಮೂರನೆಯದು, ಬಾಗಿಲು ತೆರೆಯುವ ಹೊತ್ತಿನಲ್ಲಿ ಸಂತೆಗೆ ಹೋಗಬಾರದು. ಇಂಟರ್‌ನೆಟ್ಟಿನಿಂದ ಪಟ್ಟಿ ತರಿಸುವ ಸಾಲನ್ನು ಅಳಿಸಿದೆ. ಹೊಸ ಉಪಕರಣ ಬೇಕಾದ ಭಾನುವಾರ ನಾನೇ ಕೈಯಾರೆ ತರಿಸಿಕೊಳ್ಳುತ್ತೇನೆ.

ನಾಲ್ಕನೆಯದು, ಲೆಕ್ಕದ ಪುಸ್ತಕದಲ್ಲಿ ಇಬ್ಬರ ಕೈಬರಹ ಬೆರೆಯಬಾರದು. ಮೆನುವಿನ ಮೂಲಕ ಏನಾದರೂ ಬದಲಿಸಿ ಉಳಿಸಿದರೆ ಈಮ್ಯಾಕ್ಸು ತಾನಾಗಿಯೇ ನಮ್ಮ ಕಡತದಲ್ಲಿ ಸಾಲುಗಳನ್ನು ಬರೆಯುತ್ತದೆ. ಅದಕ್ಕೆ ಬೇರೊಂದು ಕಡತವನ್ನು ತೋರಿಸಿಕೊಟ್ಟರೆ ಯಂತ್ರ ಬರೆದುದು ಅಲ್ಲಿ, ನಾನು ಬರೆದುದು ಇಲ್ಲಿ.

ಐದನೆಯದು, ವಿವರಣೆ. ವೋಚರಿನಲ್ಲಿ ಹಣ ಏತಕ್ಕಾಗಿ ಹೋಯಿತೆಂದು ಬರೆಯದಿದ್ದರೆ ಅಧಿಕಾರಿಗಳು ಸಹಿ ಹಾಕುತ್ತಾರೆಯೇ? ಆ ಕಡತದಲ್ಲಿ ಸೆಮಿಕೋಲನ್ ಹಾಕಿ ಬರೆದುದನ್ನು ಯಂತ್ರ ಓದುವುದಿಲ್ಲ, ಅದು ಮನುಷ್ಯರಿಗೆ. ಈಗ ನನ್ನ ಪ್ರತಿ ಕಟ್ಟಿನ ಮೇಲೂ ಅದನ್ನು ಏಕೆ, ಯಾವ ದಿನ ಸೇರಿಸಿದೆನೆಂಬ ಒಂದು ಸಾಲು ಇದೆ. ಕಾರಣ ಹೇಳಲಾಗದ ಸಾಲುಗಳನ್ನು ಕಿತ್ತುಹಾಕಿದೆ. ಕಡತದ ಅರ್ಧಕ್ಕಿಂತ ಹೆಚ್ಚು ಭಾಗ ಹೀಗೆ ಹೋಯಿತು. ಹೋದುದರ ನೆನಪು ಇಂದಿನವರೆಗೆ ಬಂದಿಲ್ಲ.

ತಪ್ಪು ಹುಡುಕುವ ದಾರಿಯನ್ನೂ ಹೇಳಬೇಕು. ಡಿಬಗ್-ಇನಿಟ್ ಎಂಬ ಸೂಚನೆ ಕೊಟ್ಟು ತೆರೆದರೆ ಯಾವ ಕಡೆ ಮುಗ್ಗರಿಸಿತೆಂದು ಅದೇ ತೋರಿಸುತ್ತದೆ. ಅಷ್ಟರಿಂದ ತಿಳಿಯದಿದ್ದರೆ ಅರ್ಧ ಕಡತವನ್ನು ಸೆಮಿಕೋಲನ್ನಿನಿಂದ ಮುಚ್ಚಿ ನೋಡಬೇಕು. ತಪ್ಪು ಮಾಯವಾದರೆ ಅದು ಮುಚ್ಚಿದ ಅರ್ಧದಲ್ಲಿದೆ. ಅದರಲ್ಲಿ ಮತ್ತೆ ಅರ್ಧ. ಟ್ರಯಲ್ ಬ್ಯಾಲೆನ್ಸು ತಾಳೆಯಾಗದ ರಾತ್ರಿ ನಾವು ಹೀಗೆಯೇ ಪುಸ್ತಕವನ್ನು ಭಾಗ ಮಾಡುತ್ತ ಹೋಗುತ್ತೇವಲ್ಲವೆ? ಸಾವಿರ ಸಾಲುಗಳಿದ್ದರೂ ಹತ್ತು ಸಲದೊಳಗೆ ಕಳ್ಳ ಸಿಕ್ಕಿಬೀಳುತ್ತಾನೆ.

ತೆರೆಯಲು ಎಷ್ಟು ಹೊತ್ತಾಯಿತೆಂದು ಹೇಳುವ ಆಜ್ಞೆಯೂ ಇದೆ. ಮೊದಲು ನೆಟ್ಟು ಚೆನ್ನಾಗಿದ್ದ ದಿನವೂ ಹನ್ನೊಂದು ಸೆಕೆಂಡು ಆಗುತ್ತಿತ್ತು. ಈಗ ಎರಡಕ್ಕಿಂತ ಕಡಮೆ. ಇದನ್ನು ಇನ್ನೂ ಇಳಿಸಲು 2020ರ 27ನೆಯ ಆವೃತ್ತಿಯಲ್ಲಿ ಬಂದ ಎರಡನೆಯ ಆರಂಭದ ಕಡತ, ಸ್ಮೃತಿಯನ್ನು ಗುಡಿಸುವ ಕೆಲಸವನ್ನು ಮುಂದೂಡುವ ಉಪಾಯ ಮುಂತಾದುವು ಇವೆ. ಅರ್ಧ ಸೆಕೆಂಡಿಗಾಗಿ ನಾನು ಆ ಹಾದಿ ಹಿಡಿಯಲಿಲ್ಲ. ವೇಗಕ್ಕಿಂತ ನಂಬಿಕೆ ದೊಡ್ಡದು. ಲೋಕಲ್ ಗಾಡಿ ಎರಡು ನಿಮಿಷ ನಿಧಾನವಾದರೆ ಸಹಿಸುತ್ತೇವೆ. ಬರುತ್ತದೋ ಇಲ್ಲವೋ ಎಂಬಂತಾದರೆ ಜೀವನ ನಡೆಯದು.

ಕೊನೆಯದಾಗಿ ಒಂದು ಆಪದ್ಧನ. ದೊಡ್ಡ ಕ್ಯೂ ಅಕ್ಷರದ ಸೂಚನೆ ಕೊಟ್ಟರೆ ಈಮ್ಯಾಕ್ಸು ಆರಂಭದ ಕಡತವನ್ನು ಮುಟ್ಟದೆಯೇ ತೆರೆದುಕೊಳ್ಳುತ್ತದೆ. ಅಲ್ಲಿಯೂ ಕನ್ನಡದ ಕೀಲಿಮಣೆಯನ್ನು ಹೆಸರು ಹೇಳಿ ಕರೆಯಬಹುದು. ಆ ಸಂಜೆ ಇಷ್ಟು ತಿಳಿದಿದ್ದರೆ! ಈಗ ಕಡತದಲ್ಲಿ ಏನು ಬದಲಿಸಿದರೂ ಹಳೆಯ ಪ್ರತಿಯನ್ನು ತೆಗೆದಿಟ್ಟು, ನೆಟ್ಟನ್ನು ಬಂದುಮಾಡಿ, ಮುಚ್ಚಿ ತೆರೆದು ಪರೀಕ್ಷಿಸುತ್ತೇನೆ. ಈಮ್ಯಾಕ್ಸಿನೊಳಗೆ ಲೋಕದ ಹಲವು ಭಾಷೆಗಳ ವಂದನೆಗಳನ್ನು ಬರೆದ ಒಂದು ಪುಟವಿದೆ. ಅದರಲ್ಲಿ ಕನ್ನಡದ 'ನಮಸ್ಕಾರ'ವೂ ಉಂಟು. ಅದನ್ನು ತೆರೆದು, ಸಕಾರದ ಕೆಳಗೆ ಕಕಾರದ ಒತ್ತು ಸರಿಯಾಗಿ ಕುಳಿತಿದೆಯೇ ಎಂದು ನೋಡಿದ ಮೇಲೆಯೇ ನನಗೆ ಸಮಾಧಾನ.

ಇಂತಹ ವಿದ್ಯೆಗೆ ಇಂಗ್ಲಿಷ್ ಬಲ್ಲವರೇ ಬೇಕೆಂದು ಹಿಂಜರಿಯುವ ತರುಣರಿಗೆ ಒಂದು ಮಾತು. ನಮ್ಮೂರಿನ ಪವಾಯಿಯಲ್ಲಿರುವ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯವರು ಕಂಪ್ಯೂಟರಿನ ಪಾಠಗಳನ್ನು ಕನ್ನಡದ ಧ್ವನಿಯಲ್ಲಿಯೂ ಒದಗಿಸಿದ್ದಾರೆ. ರಾತ್ರಿಶಾಲೆಗಳ ಪರಂಪರೆಯ ಈ ನಗರದಲ್ಲಿ ದುಡಿಮೆ ಮುಗಿಸಿ ಬಂದು ಕಲಿಯುವುದು ನಮಗೆ ಹೊಸದಲ್ಲ.

ಗಣೇಶನ ಹಬ್ಬ ಕಳೆದ ಮೇಲೆ ಆ ಹಿರಿಯರು ಮತ್ತೆ ಬಂದರು. ಎಡಿಟರು ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯಿತು. ಕನ್ನಡ ಸೊಗಸಾಗಿ ಮೂಡಿತು. ಅವರು ಹೋಟೆಲಿನ ಮಾತು, ಶಾಲೆಯ ಲಾಟೀನಿನ ಮಾತು ಎಲ್ಲ ಹೇಳಿದರು. ಮಾಸ್ತರರ ವಿಚಾರಕ್ಕೆ ಬಂದಾಗ ನಿಂತರು. ಬಹಳ ಹೊತ್ತು ಯೋಚಿಸಿದರು. "ನಾಲಗೆಯ ತುದಿಯಲ್ಲಿದೆ ಮಾರಾಯಾ, ಬರುವುದಿಲ್ಲ" ಎಂದರು. ಎರಡು ಸಲ ಫೋನು ಮಾಡಿ ಕೇಳಿದೆ, ಬರಲಿಲ್ಲ. ಈ ವರ್ಷದ ಸಂಚಿಕೆಯಲ್ಲಿ ಅವರ ಲೇಖನ ಬರುತ್ತದೆ. ಅದರಲ್ಲಿ ಅವರಿಗೆ ಅಕ್ಷರ ಕಲಿಸಿದವರನ್ನು 'ಮಾಸ್ತರರು' ಎಂದಷ್ಟೇ ಬರೆದಿದೆ. ಓದುವಾಗ ಆ ಜಾಗದಲ್ಲಿ ಒಂದು ಹೆಸರಿತ್ತೆಂದು ತಾವು ತಿಳಿದಿರಬೇಕು.

ಆದುದರಿಂದ ನನ್ನ ಪ್ರಾರ್ಥನೆ ಇಷ್ಟೆ: ತಮ್ಮ ತಮ್ಮ ಸಾಧನಗಳನ್ನು ಬಿಡುವಿದ್ದಾಗ ಒಪ್ಪ ಮಾಡಿಟ್ಟುಕೊಳ್ಳಿರಿ, ಹೇಳುವವರು ಬಂದು ಕುಳಿತ ಮೇಲೆ ಅದಕ್ಕೆ ಹೊತ್ತಿಲ್ಲ. ಜೇಬಿನಲ್ಲಿ ಒಂದು ಪೆನ್ನನ್ನೂ ಇಟ್ಟುಕೊಂಡಿರಿ.

 ಸಿರಿಗನ್ನಡಂ ಗೆಲ್ಗೆ.