ಮಗುವಿನ ಕೈಗೆ ಒಗ್ಗುವ ವಾದ್ಯ
(ವಾರ್ಷಿಕೋತ್ಸವದ ಭಾಷಣ)



ಹೊಸೂರು, ಕೃಷ್ಣಗಿರಿ ಸೀಮೆಯವರಾದ ನಮಗೆ ಊದುವ ವಾದ್ಯ ಹೊಸದಲ್ಲ. ಚಂದ್ರಚೂಡೇಶ್ವರನ ರಥೋತ್ಸವಕ್ಕೆ ನಾಗಸ್ವರ. ಮದುವೆಯ ಮೆರವಣಿಗೆಗೆ ಬ್ಯಾಂಡು, ಬ್ಯಾಂಡಿನಲ್ಲಿ ಕ್ಲಾರಿನೆಟ್ಟು. ಈ ಕ್ಲಾರಿನೆಟ್ಟಿನ ಹಿರಿಯಣ್ಣನೇ ಬಾಸ್ ಕ್ಲಾರಿನೆಟ್. ಅದನ್ನು ಕಲಿಯಬಯಸುವ ಮಕ್ಕಳಿಗೆ ಎಂತಹುದನ್ನು ಕೊಡಿಸಬೇಕೆಂಬ ಬಗ್ಗೆ ನಾಲ್ಕು ಮಾತುಗಳನ್ನು ವಿಜ್ಞಾಪಿಸುತ್ತೇವೆ.

ಇದರ ನಾದ ಸಾಮಾನ್ಯ ಕ್ಲಾರಿನೆಟ್ಟಿಗಿಂತ ಒಂದು ಸ್ಥಾಯಿ ಕೆಳಗಿನದು. 1838ರಲ್ಲಿ ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸನು ಇದರ ರಚನೆಯನ್ನು ಬಹುವಾಗಿ ತಿದ್ದಿದನು. 1846ರಲ್ಲಿ ಸ್ಯಾಕ್ಸೋಫೋನಿಗೆ ಹಕ್ಕುಪತ್ರ ಪಡೆದವನೂ ಆತನೇ. ಆ ಸ್ಯಾಕ್ಸೋಫೋನನ್ನು ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು ಗಮಕಗಳಿಗೆ ಒಗ್ಗುವಂತೆ ಮಾರ್ಪಡಿಸಿಕೊಂಡು, 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಸಭಾಂಗಣದಲ್ಲಿ ನುಡಿಸಿದರು. ರಾಯಚೂರಿನ ಪಂಡಿತ ನರಸಿಂಹಲು ವಡವಾಟಿಯವರು ಕ್ಲಾರಿನೆಟ್ಟಿನಲ್ಲಿ ಹಿಂದೂಸ್ತಾನಿ ರಾಗಗಳನ್ನು ನುಡಿಸಿ ಹೆಸರಾದರು. ಪರದೇಶದ ವಾದ್ಯವೂ ನಮ್ಮ ನಾದಕ್ಕೆ ಬಾಗುತ್ತದೆ. ಆದರೆ ಮೊದಲು ಅದು ಕಲಿಯುವವನ ಬೆರಳಿಗೆ ಬಾಗಬೇಕು.

ಸಾಮಾನ್ಯ ಕ್ಲಾರಿನೆಟ್ಟಿನಲ್ಲಿ ಹಲವು ರಂಧ್ರಗಳನ್ನು ಬೆರಳಿನ ತುದಿಯೇ ಮುಚ್ಚಬೇಕು. ಬಾಸ್ ಕ್ಲಾರಿನೆಟ್ಟಿನ ರಂಧ್ರಗಳು ದೊಡ್ಡವು. ಮೆತ್ತೆ ಹಚ್ಚಿದ ಕೀಲಿಗಳು ಅವನ್ನು ಮುಚ್ಚುತ್ತವೆ. ಇದು ಎಳೆಯ ಬೆರಳಿಗೆ ಅನುಕೂಲವೇ ಸರಿ. ಆದರೆ ಕೀಲಿಗಳ ನಡುವಿನ ಅಂತರ ಹೆಚ್ಚು. ಆದಕಾರಣ ಮಗುವನ್ನೇ ಅಂಗಡಿಗೆ ಕರೆದೊಯ್ಯಿರಿ. ವಾದ್ಯದ ಭಾರವನ್ನು ನೆಲದ ಊರುಗೋಲಿಗೆ ಬಿಟ್ಟು, ಕುಳಿತು ಹಿಡಿಯಲಿ. ಕಿರುಬೆರಳು ತನ್ನ ಕೀಲಿಗಳನ್ನು ಮಣಿಕಟ್ಟು ತಿರುಚದೆ ಮುಟ್ಟುವುದೇ? ಬಲಗೈ ಹೆಬ್ಬೆರಳಿಗೆ ನೋವಿಲ್ಲವೇ? ಕೀಲಿಗಳೆಲ್ಲ ಒಂದೇ ಹದದಲ್ಲಿ, ಸದ್ದಿಲ್ಲದೆ ಏಳುವುವೇ? ಇವನ್ನು ನೋಡಿದ ಮೇಲೆ ಬೆಲೆಯನ್ನು ಕೇಳಿರಿ.

ಬೆಲೆಯ ವಿಚಾರದಲ್ಲಿ ಸಂಕೋಚ ಬೇಡ. ಕರಿಮರದ ಒಡಲು ದುಬಾರಿ. ಹವೆ ಬದಲಾದರೆ ಬಿರಿಯುವ ಭಯವೂ ಉಂಟು. ಗಟ್ಟಿ ಪ್ಲಾಸ್ಟಿಕ್ಕಿನ ಒಡಲು ಅಗ್ಗ, ಹಗುರ, ಕಲಿಯುವವನಿಗೆ ಧಾರಾಳವಾಗಿ ಸಾಕು. ತೀರ ಕೆಳಗಿನ ಸ್ವರಗಳಿಗಾಗಿ ಕೊಳವೆಯನ್ನು ಉದ್ದಗೊಳಿಸಿದ ವಾದ್ಯಗಳೂ ಇವೆ. ಭಾರವೂ ಬೆಲೆಯೂ ಏರುವ ಅವುಗಳ ಅಗತ್ಯ ಆರಂಭದಲ್ಲಿಲ್ಲ.

ಹಳೆಯ ವಾದ್ಯವನ್ನು ಕೊಳ್ಳುವವರು ಬಲ್ಲವರೊಬ್ಬರಿಂದ ಊದಿಸಿ ನೋಡಬೇಕು. ಎಲ್ಲ ಕೀಲಿಗಳನ್ನೂ ಮುಚ್ಚಿ ಮೆಲ್ಲನೆ ಊದಿದರೆ ಅತಿ ಕೆಳಗಿನ ಸ್ವರ ತಡವರಿಸದೆ ಮೂಡಬೇಕು. ಮೂಡದಿದ್ದರೆ ಎಲ್ಲಿಯೋ ಗಾಳಿ ಸೋರುತ್ತಿದೆ ಎಂದು ಶಂಕಿಸಬೇಕು. ಮೆತ್ತೆ ಬದಲಿಸುವ ಖರ್ಚನ್ನು ಬೆಲೆಗೆ ಕೂಡಿಸಿಯೇ ಲೆಕ್ಕ ಹಾಕಬೇಕು.

ಇಷ್ಟೊಂದು ಎಚ್ಚರ ಏತಕ್ಕೆ ಎನ್ನುವಿರಾ? ಸೋರುವ ವಾದ್ಯವನ್ನು ಊದಿ ಸೋತ ಮಗು ವಾದ್ಯವನ್ನು ದೂರುವುದಿಲ್ಲ. ತನಗೆ ಸಂಗೀತ ಒಲಿಯದೆಂದು ತನ್ನನ್ನೇ ದೂರಿಕೊಳ್ಳುತ್ತದೆ. ವಾದ್ಯದ ದೋಷ ದುರಸ್ತಿಯಿಂದ ಹೋದೀತು. ಎಳೆಯ ಮನಸ್ಸಿನಲ್ಲಿ ನೆಲೆಸಿದ ಆ ತಪ್ಪು ನಂಬಿಕೆ ಅಷ್ಟು ಸುಲಭವಾಗಿ ಹೋಗದು.

ಬಡ ಕುಟುಂಬಗಳು ಇದಕ್ಕಾಗಿ ಸಾಲ ಮಾಡಬೇಕಾಗಿಲ್ಲ. ಎರಡು ವಾದ್ಯಗಳ ಬೆರಳಾಟವೂ ಬಹುಮಟ್ಟಿಗೆ ಒಂದೇ. ಮಗು ಸಣ್ಣ ಕ್ಲಾರಿನೆಟ್ಟಿನಲ್ಲಿ ಕೈ ಪಳಗಿಸಿಕೊಳ್ಳಲಿ; ದೊಡ್ಡದೊಂದನ್ನು ಹತ್ತು ಮನೆಯವರು ಕೂಡಿ ಶಾಲೆಗೆ ಕೊಡಿಸಲಿ. ಆದರೆ ಬಾಯಿಗಿಡುವ ಭಾಗವೂ ರೀಡೆಂಬ ಜೊಂಡಿನ ನಾಲಗೆಯೂ ಒಬ್ಬೊಬ್ಬರಿಗೆ ಬೇರೆಬೇರೆಯಾಗಿರಲಿ.

ವಿದ್ಯಾರ್ಥಿಗಳೇ, ಊದಿದ ಮೇಲೆ ಒಳಗಿನ ತೇವವನ್ನು ಬಟ್ಟೆಯಿಂದ ಒರೆಸಿ, ರೀಡನ್ನು ಬಿಚ್ಚಿ ಒಣಗಿಸಿ ಇಡಿರಿ. ನಿಮ್ಮ ನಂತರ ಅದನ್ನು ಕೈಗೆತ್ತಿಕೊಳ್ಳುವ ಮಗುವಿಗೂ ಅದು ಇಂಪಾಗಿ ನುಡಿಯಲಿ ಎಂದು ಹಾರೈಸಿ, ನಮ್ಮ ಮಾತುಗಳನ್ನು ಮುಗಿಸುತ್ತೇವೆ.