ದಾರಿಬದಿಯ ಶಿಲ್ಪಗಳು

(ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಶಿಲ್ಪವೆಂದೊಡನೆ ನಮ್ಮ ಮನಸ್ಸು ಬೇಲೂರು, ಹಳೇಬೀಡುಗಳಿಗೆ ಓಡುತ್ತದೆ. ಅಲ್ಲಿಗೆ ಹೋಗಲು ರಜ ಬೇಕು, ರೈಲಿನ ಖರ್ಚು ಬೇಕು. ಇವೆರಡೂ ಕೂಡಿಬರುವುದು ನಮ್ಮಂಥವರಿಗೆ ವರ್ಷಕ್ಕೊಮ್ಮೆ. ಅದೂ ಊರಿನ ಮದುವೆ ಮುಂಜಿಗಳಲ್ಲೇ ಕಳೆದುಹೋಗುತ್ತದೆ. ಆದರೆ ಈ ಮಾನೇಸರಿನಿಂದ ದೆಹಲಿಗೆ ಹೋದರೆ, ಟಿಕೆಟು ಕೇಳದ, ಬಾಗಿಲಿಲ್ಲದ ಶಿಲ್ಪಪ್ರದರ್ಶನವೊಂದು ರಸ್ತೆಯಲ್ಲೇ ಇದೆ. ಅದನ್ನು ಕುರಿತು ನಾಲ್ಕು ಮಾತು ಅರಿಕೆ ಮಾಡಿಕೊಳ್ಳುತ್ತೇವೆ.

ಧೌಲಾ ಕುವಾ ದಾಟಿ ಸರದಾರ್ ಪಟೇಲ್ ಮಾರ್ಗದಲ್ಲಿ ಮುಂದೆ ಹೋದರೆ ಗ್ಯಾರಹ್ ಮೂರ್ತಿ ಸಿಗುತ್ತದೆ. ಬಹುಕಾಲ ನಾವು ಅದನ್ನು ಬರಿಯ ಬಸ್ ನಿಲ್ದಾಣದ ಹೆಸರೆಂದೇ ತಿಳಿದಿದ್ದೆವು. ಕೋಲೂರಿ ಮುನ್ನಡೆಯುವ ಗಾಂಧೀಜಿ, ಅವರ ಹಿಂದೆ ಹತ್ತು ಮಂದಿ. 1930ರ ದಂಡಿಯಾತ್ರೆಯ ನೆನಪು ಅದು. 2016ರಲ್ಲಿ ರದ್ದಾದ 500 ರೂಪಾಯಿ ನೋಟಿನ ಹಿಂಬದಿಯಲ್ಲಿದ್ದುದು ಇದೇ ಚಿತ್ರ. ಸಂಬಳದ ದಿನ ಎಣಿಸಿ ಎಣಿಸಿ ಜೇಬಿಗಿಟ್ಟೆವು, ನೋಡಲಿಲ್ಲ! ಇದನ್ನು ಮಾಡಿದವರು ದೇವಿಪ್ರಸಾದ್ ರಾಯ್ ಚೌಧರಿ. ಮದರಾಸಿನ ಮೆರೀನಾ ತೀರದಲ್ಲಿ 1959ರಲ್ಲಿ ನಿಂತ, ಬಂಡೆಯನ್ನು ಮೀಟುತ್ತಿರುವ ನಾಲ್ವರು ಕೂಲಿಗಾರರ ಮೂರ್ತಿಯೂ ಇವರದೇ.

ಸಂಸದ್ ಮಾರ್ಗದ ರಿಸರ್ವ್ ಬ್ಯಾಂಕಿನ ಮುಂದೆ ಯಕ್ಷ, ಯಕ್ಷಿಯರಿದ್ದಾರೆ. ಯಕ್ಷಿ ಬೇಸಾಯಕ್ಕೆ, ಯಕ್ಷ ಕೈಗಾರಿಕೆಗೆ ಗುರುತು. ಯಕ್ಷನ ಒಂದು ಕೈಯಲ್ಲಿ ಹಣದ ಚೀಲ, ಇನ್ನೊಂದರಲ್ಲಿ ಯಂತ್ರದ ಹಲ್ಲುಚಕ್ರ. ಹಲ್ಲುಚಕ್ರ ನಮಗೆ ಚೆನ್ನಾಗಿ ಗೊತ್ತು. ಚೀಲದ ಪರಿಚಯ ಮಾತ್ರ ಕಡಮೆ! ಇವುಗಳ ಶಿಲ್ಪಿ ರಾಮಕಿಂಕರ ಬೈಜ್, ಬಂಗಾಳದ ಬಾಂಕುರಾದ ಬಡ ಮನೆಯಿಂದ ಬಂದವರು. 1956ರಲ್ಲಿ ಶಾಂತಿನಿಕೇತನದ ಬಯಲಿನಲ್ಲಿ ಅವರು ಕಾಂಕ್ರೀಟಿನಿಂದ 'ಗಿರಣಿಯ ಕರೆ' ಎಂಬ ಶಿಲ್ಪ ಮಾಡಿದರು. ಸೈರನ್ನು ಕೇಳಿ ಗಿರಣಿಗೆ ಓಡುತ್ತಿರುವ ಸಂತಾಲ ಹೆಂಗಸರು, ಜೊತೆಗೊಂದು ಮಗು. ಅಲ್ಲಿ ರಾಜರಿಲ್ಲ, ದೇವರಿಲ್ಲ. ಬೆಳಗಿನ ಪಾಳಿಗೆ ಓಡುವ ನಮ್ಮ ಓಟವೂ ಶಿಲ್ಪಕ್ಕೆ ತಕ್ಕದ್ದೆಂದು ಒಬ್ಬ ದೊಡ್ಡ ಶಿಲ್ಪಿಗೆ ತೋರಿತಲ್ಲ!

ಇಂಡಿಯಾ ಗೇಟಿನ ಬಳಿ 2022ರ ಸೆಪ್ಟೆಂಬರಿನಲ್ಲಿ ಅನಾವರಣಗೊಂಡ 28 ಅಡಿಯ ನೇತಾಜಿ ಮೂರ್ತಿಯನ್ನು ಕಡೆದ ತಂಡದ ಮುಂದಾಳು ನಮ್ಮ ಮೈಸೂರಿನ ಅರುಣ್ ಯೋಗಿರಾಜ್. 280 ಟನ್ನಿನ ಬಂಡೆ 65 ಟನ್ನಿನ ಮೂರ್ತಿಯಾಗಲು 26,000 ಗಂಟೆಗಳ ದುಡಿಮೆ ಬೇಕಾಯಿತು. ಅಷ್ಟೂ ಗಂಟೆ ಒಬ್ಬರದಲ್ಲ. ನಾವು ಹೆಸರು ಕೇಳದ ಎಷ್ಟೋ ಕೈಗಳದು.

ಹೊಯ್ಸಳರ ಕಾಲದ ಮಲ್ಲಿತಮ್ಮ ಸೋಮನಾಥಪುರದಲ್ಲಿ ಮೂರ್ತಿಗಳ ಕೆಳಗೆ ತನ್ನ ಹೆಸರು ಕೆತ್ತಿದ. ಇಲ್ಲಿ ನಾವು ಮಾಡುವ ಬಿಡಿಭಾಗದ ಮೇಲಾಗಲಿ, ಬರೆಯುವ ಲೆಕ್ಕದ ಪುಸ್ತಕದ ಮೇಲಾಗಲಿ ನಮ್ಮ ಹೆಸರಿರುವುದಿಲ್ಲ. ಅದಕ್ಕಾಗಿ ಕೊರಗಬೇಕಿಲ್ಲ. ಆದರೆ ಇನ್ನೊಬ್ಬರ ದುಡಿಮೆಯ ಮುಂದೆ ಒಂದು ನಿಮಿಷ ನಿಂತು, "ಇದನ್ನು ಮಾಡಿದವರು ಯಾರು?" ಎಂದು ಕೇಳುವುದು ನಮ್ಮ ಕೈಯಲ್ಲಿದೆ. ಮುಂದಿನ ರಜೆಯಲ್ಲಿ ಮಕ್ಕಳನ್ನೂ ಕರೆದುಕೊಂಡು ಹೋಗಿ, ಕನ್ನಡದಲ್ಲೇ ಈ ಕಥೆಗಳನ್ನು ಹೇಳಬೇಕೆಂದು ವಿನಂತಿಸುತ್ತೇವೆ.