ಮೂತ್ರ ಕೆಂಪಾಗದ ಉಣ್ಣೆಜ್ವರ
(ಗ್ರಾಮದ ಮುಖಂಡರ ಮತ್ತು ಹಿಡುವಳಿದಾರರ ಸಭೆಯಲ್ಲಿ ಮಾಡಿದ ಉಪನ್ಯಾಸ)



ಎತ್ತು ಮೇವು ಬಿಟ್ಟು, ಕಣ್ಣು ಹಳದಿಯಾಗಿ, ಸಗಣಿ ಗಟ್ಟಿಯಾದೊಡನೆ ಕಾಮಾಲೆಯೆಂದು ಬರೆ ಹಾಕಿಸುವ ರೂಢಿ ಹಲವು ಗ್ರಾಮಗಳಲ್ಲಿ ಉಂಟು. ಮೂತ್ರ ಕೆಂಪಗೆ ಕಂಡರೆ ಮಾತ್ರ ಉಣ್ಣೆಯ ಜ್ವರವೆಂದು ಶಂಕಿಸಿ ಪಶುವೈದ್ಯರಿಗೆ ಹೇಳಿಕಳುಹಿಸುವುದುಂಟು. ಆದರೆ ಮೂತ್ರ ಕೆಂಪಾಗದೆಯೇ ಪ್ರಾಣ ತೆಗೆಯುವ ಇನ್ನೊಂದು ಉಣ್ಣೆಜ್ವರವಿದೆ. ಅದರ ವಿಷಯವನ್ನು ಇಂದು ತಮ್ಮಲ್ಲಿ ಅರಿಕೆ ಮಾಡುತ್ತೇನೆ.

ಇದರ ಹೆಸರು ಅನಾಪ್ಲಾಸ್ಮೋಸಿಸ್. ಇದಕ್ಕೆ ಕಾರಣವಾದ ಬ್ಯಾಕ್ಟೀರಿಯವನ್ನು ಆರ್ನಾಲ್ಡ್ ಥೈಲರ್ ಎಂಬ ಪಶುವೈದ್ಯ ವಿದ್ವಾಂಸರು 1910ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಗುರುತಿಸಿದರು. ಅದು ರಕ್ತದ ಕೆಂಪು ಕಣದೊಳಗೆ, ಅಂಚಿನಲ್ಲಿ, ಚುಕ್ಕೆಯಂತೆ ಕಾಣುತ್ತದೆ. ಅಂತಹ ಕಣಗಳನ್ನು ದನದ ಗುಲ್ಮವೇ ಹಿಡಿದು ನಾಶಮಾಡುವುದು. ಅವು ರಕ್ತನಾಳದಲ್ಲಿ ಒಡೆಯುವುದಿಲ್ಲವಾದ್ದರಿಂದ ಮೂತ್ರ ಕೆಂಪಾಗದೆ ಹಳದಿ ಮಾತ್ರ ಹೆಚ್ಚುತ್ತದೆ. ಹಸುವಾದರೆ ಹಾಲು ಇಳಿಯುತ್ತದೆ. ಗಬ್ಬವಾಗಿದ್ದರೆ ಕಂದು ಹಾಕುವುದೂ ಉಂಟು.

“ಮೈಮೇಲೆ ಒಂದು ಉಣ್ಣೆಯೂ ಇಲ್ಲವಲ್ಲ ಸ್ವಾಮೀ” ಎಂಬ ಮಾತನ್ನು ನಾನು ಅನೇಕ ಕೊಟ್ಟಿಗೆಗಳಲ್ಲಿ ಕೇಳಿದ್ದೇನೆ. ಸೋಂಕು ತಗಲಿದ ಮೇಲೆ ಜ್ವರ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಮೂರರಿಂದ ಐದು ವಾರ ಹಿಡಿಯುತ್ತದೆ. ನಮ್ಮಲ್ಲಿ ಹೇರಳವಾಗಿರುವ ದನದ ಉಣ್ಣೆಯಾದರೋ ಸುಮಾರು ಮೂರು ವಾರ ರಕ್ತ ಕುಡಿದು ನೆಲಕ್ಕೆ ಉದುರಿ, ಎರಡು ಮೂರು ಸಾವಿರ ಮೊಟ್ಟೆಯಿಟ್ಟು ಸಾಯುತ್ತದೆ. ಹೀಗೆ ಕಳ್ಳನು ಹೋದ ಮೇಲೆ ಮನೆಯವರು ಏಳುತ್ತಾರೆ.

ಇನ್ನೊಂದು ಸಂಗತಿ ವಿಚಿತ್ರವಾಗಿ ತೋರಬಹುದು. ಒಂದು ವರ್ಷದೊಳಗಿನ ಕರುವಿಗೆ ಸೋಂಕು ತಗಲಿದರೂ ಅದು ಕಾಯಿಲೆ ಬೀಳುವುದು ಅಪರೂಪ. ಮೂರು ವರ್ಷ ದಾಟಿದ ರಾಸಿಗೆ ಮೊದಲ ಬಾರಿ ತಗಲಿದರೆ ಮಾತ್ರ ಬಹಳ ಅಪಾಯ. ಆದ್ದರಿಂದ, ಉಣ್ಣೆಯನ್ನೇ ಕಾಣದ ಕೊಟ್ಟಿಗೆಯಲ್ಲಿ ಬೆಳೆದ ಮಿಶ್ರತಳಿಯ ಹಸುವನ್ನು ಸಾಲ ಮಾಡಿ ತಂದು, ಊರ ದನಗಳೊಡನೆ ಗೋಮಾಳಕ್ಕೆ ಅಟ್ಟಿದವರು ಹೆಚ್ಚು ನಷ್ಟಕ್ಕೆ ಗುರಿಯಾಗುತ್ತಾರೆ. ಗುಣವಾದ ದನವು ನೋಡಲು ಪುಷ್ಟವಾಗಿದ್ದರೂ ಅದರ ರಕ್ತದಲ್ಲಿ ಸೋಂಕು ಬಹುಕಾಲ, ಹಲವು ವೇಳೆ ಜೀವಮಾನವೆಲ್ಲ, ಉಳಿದಿರುತ್ತದೆ. ಅದರ ಮೂಗು ಚುಚ್ಚಿದ ಅಥವಾ ಕೊಂಬು ಕತ್ತರಿಸಿದ ಆಯುಧವನ್ನು ನೀರಿನಲ್ಲಿ ಕುದಿಸದೆ ಮತ್ತೊಂದಕ್ಕೆ ಬಳಸಕೂಡದು. ಚುಚ್ಚುಮದ್ದಿನ ಸೂಜಿಯೂ ದನಕ್ಕೊಂದಿರತಕ್ಕದ್ದು.

ಜ್ವರ ಕಂಡ ದಿನವೇ ವೈದ್ಯರನ್ನು ಕರೆಸಿ ರಕ್ತದ ಲೇಪ ಪರೀಕ್ಷೆ ಮಾಡಿಸಬೇಕು. ಆರಂಭದಲ್ಲಿಯೇ ಆಕ್ಸಿಟೆಟ್ರಾಸೈಕ್ಲಿನ್ ಮದ್ದು ಕೊಟ್ಟರೆ ಬಹುಮಟ್ಟಿಗೆ ಗುಣ ಕಾಣುತ್ತದೆ. ಆದರೆ ರಕ್ತಹೀನವಾದ ರಾಸನ್ನು ಆಸ್ಪತ್ರೆಗೆಂದು ಮೈಲಿಗಟ್ಟಲೆ ನಡೆಸಲೇಬೇಡಿ. ಕೆಡವಿ ಕಟ್ಟಿ ಬರೆ ಹಾಕಲೂ ಬೇಡಿ. ಉಸಿರು ಸಾಲದೆ ದಾರಿಯಲ್ಲಿಯೇ ಬಿದ್ದು ಸಾಯುವುದುಂಟು. ನೆರಳು, ನೀರು, ಹಸಿಮೇವನ್ನು ಇದ್ದಲ್ಲಿಗೇ ಒದಗಿಸಿರಿ. ಮದ್ದು ಕೊಟ್ಟ ಹಸುವಿನ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಬಳಸಕೂಡದು.

ಉಣ್ಣೆಯ ನಿವಾರಣೆ ಒಬ್ಬರಿಂದ ಆಗುವ ಕೆಲಸವಲ್ಲ. ಒಬ್ಬನು ಔಷಧಿ ಹೊಡೆದು ನೆರೆಯವನು ಸುಮ್ಮನಿದ್ದರೆ ಗೋಮಾಳದ ಹುಲ್ಲಿನ ತುದಿಯಲ್ಲಿ ಮರಿಗಳು ಕಾದೇ ಇರುತ್ತವೆ. ಮುಖಂಡರು ದಿನ ಗೊತ್ತುಮಾಡಿ ಊರ ದನಗಳಿಗೆಲ್ಲ ಒಟ್ಟಿಗೆ ಹೊಡೆಸಿ, ವೈದ್ಯರು ಹೇಳಿದ ಅಂತರದಲ್ಲಿ ಮತ್ತೆ ಹೊಡೆಸಬೇಕು. ಉಳಿತಾಯಕ್ಕೆಂದು ಔಷಧಿಗೆ ನೀರು ಹೆಚ್ಚು ಬೆರೆಸಿದರೆ ಸಾಯದೆ ಉಳಿದ ಉಣ್ಣೆಗಳ ಸಂತತಿ ಅದಕ್ಕೆ ಜಗ್ಗದಂತಾಗುತ್ತದೆ. ಹಿಪ್ಪುನೇರಳೆ ತೋಟದ ಬಳಿ ಹೊಡೆಯಬೇಡಿ, ರೇಷ್ಮೆಹುಳು ಸಾಯುತ್ತವೆ. ಉಳಿದ ನೀರನ್ನು ಕೆರೆಗೂ ಚೆಲ್ಲಬೇಡಿ. ಕೈಯಿಂದ ಕಿತ್ತ ಉಣ್ಣೆಯನ್ನು ಕೊಟ್ಟಿಗೆಯಲ್ಲಿಯೇ ಎಸೆದರೆ ಅದು ಬಿರುಕು ಸೇರಿ ಮೊಟ್ಟೆಯಿಡುತ್ತದೆ, ಕೆಂಡಕ್ಕೆ ಹಾಕತಕ್ಕದ್ದು.

ಸಂತೆಯಿಂದ ಹೊಸ ರಾಸು ತಂದವರು ಅದನ್ನು ಬೇರೆ ಕಟ್ಟಿ, ಉಣ್ಣೆ ತೆಗೆಸಿ, ರಕ್ತಪರೀಕ್ಷೆಯಾದ ಬಳಿಕವೇ ಮಂದೆಗೆ ಬಿಡಬೇಕೆಂದು ಕೋರುತ್ತೇನೆ.